ಸಂದು ಬಿಡದ ಕಲ್ಲುಕಟ್ಟು

ಶಿವರಾತ್ರಿ ಕಳೆದು ಕೆರೆಯ ನೀರು ನಡುವಿನ ಗುಂಡಿಗೆ ಇಳಿದಿತ್ತು. ಏರಿಯ ಒಳಮೈಗೆ ಕಲ್ಲು ಕಟ್ಟುವುದಕ್ಕೆ ಇದೇ ಕಾಲ. ಚಿಕ್ಕರಂಗಯ್ಯ ಬೆಳಗಿನಿಂದ ನಾಲ್ಕು ಆಳುಗಳೊಡನೆ ಕುಸಿದ ಕಡೆ ಕಲ್ಲು ಕೂರಿಸುತ್ತಿದ್ದ. ಒಂದು ಕಲ್ಲನ್ನು ತಿರುಗಿಸಿ ನೋಡಿ, ಮೂಲೆಯನ್ನು ಸುತ್ತಿಗೆಯಿಂದ ಹೊಡೆದು, ಪಕ್ಕದ ಕಲ್ಲಿಗೆ ಒತ್ತಿ ಇಟ್ಟರೆ ನಡುವೆ ಬೆರಳು ತೂರುತ್ತಿರಲಿಲ್ಲ. ಅರಳಗುಪ್ಪೆ ಸುತ್ತಿನ ಏಳೆಂಟು ಕೆರೆಗಳಿಗೆ ಅವನದೇ ಕೈ. ಏರಿಯ ಕೆಳಗಿನ ತೋಟಗಳಲ್ಲಿ ಎರಡು ವರ್ಷದಿಂದ ನುಸಿ ಹತ್ತಿ ತೆಂಗಿನಕಾಯಿ ಸಣ್ಣವಾಗಿದ್ದವು. ನೀರಾದರೂ ನಿಲ್ಲಲಿ ಎಂದು ಊರವರು ಸೇರಿ ಈ ಕೆಲಸ ಹಿಡಿದಿದ್ದರು.

ಹತ್ತು ಗಂಟೆಗೆ ಕಲ್ಲು ತಂದ ಟ್ರೈಲರಿನ ತೊಟ್ಟಿ ಸುರಿಯಲು ಮೇಲೇಳಲಿಲ್ಲ. ಅದನ್ನು ಎತ್ತುವ ಜಾಕ್ ಕೆಟ್ಟಿತ್ತು. ಟ್ರ್ಯಾಕ್ಟರಿನ ಯಜಮಾನ ಎತ್ತಪ್ಪ ಊರೊಳಗೆ ಹೋಗಿ ಬಂದ.

"ತಿಪಟೂರಿಗೆ ಫೋನ್ ಮಾಡಿದೀನಿ ಕಣ್ಲಾ ರಂಗಯ್ಯ. ನಜೀರ್ ಅಹಮದ್ ಅಂತ. ಜಾಕ್ ರಿಪೇರಿಗೆ ಅವನ್ನ ಬುಟ್ರೆ ಇಲ್ಲ."

ಚಿಕ್ಕರಂಗಯ್ಯನ ಸುತ್ತಿಗೆ ನಿಂತಿತು. ಐದು ವರ್ಷದಿಂದ ಅವನು ತಿಪಟೂರಿಗೆ ಹೋದಾಗಲೆಲ್ಲ ಆ ಹೆಸರಿನ ಬೋರ್ಡಿದ್ದ ರಸ್ತೆ ಬಿಟ್ಟು ಸುತ್ತಿಕೊಂಡು ನಡೆಯುತ್ತಿದ್ದ.

ಐದು ವರ್ಷದ ಹಿಂದೆ ಇಬ್ಬರೂ ಒಬ್ಬನೇ ಕಂಟ್ರಾಕ್ಟರನ ಕೈಕೆಳಗೆ ಕರಾವಳಿಯ ಒಂದು ಅಳಿವೆಯಲ್ಲಿದ್ದರು. ನದಿ ಸಮುದ್ರ ಸೇರುವ ಆ ಜಾಗದಲ್ಲಿ ವರ್ಷವರ್ಷವೂ ಮರಳು ತುಂಬಿ, ಬಂದರಿಗೆ ಬರುವ ದೋಣಿಗಳು ದಿಬ್ಬಕ್ಕೆ ತಾಗಿ ಮಗುಚುತ್ತಿದ್ದವು. ಎರಡೂ ದಡದಿಂದ ಸಮುದ್ರದೊಳಕ್ಕೆ ಕಲ್ಲಿನ ಗೋಡೆ ಚಾಚಿದರೆ ನದಿ ಒಂದೇ ದಾರಿಯಲ್ಲಿ ಜೋರಾಗಿ ಹರಿದು ಮರಳನ್ನು ತಾನೇ ಕೊಚ್ಚಿ ಒಯ್ಯುತ್ತದೆ, ಹೊರಗಿನ ಅಲೆಯೂ ಗೋಡೆಗೆ ಬಡಿದು ಸೋಲುತ್ತದೆ ಎಂದು ಆ ಕೆಲಸ. ನಜೀರ್ ಕ್ರೇನಿನಿಂದ ಬಂಡೆ ಇಳಿಸುವವನು. ಬಂಡೆ ಹೇಗೆ ಕೂರಬೇಕೆಂದು ತೋರಿಸುವವನು ಚಿಕ್ಕರಂಗಯ್ಯ.

ಬಂಡೆಗಳನ್ನು ಒರಟಾಗಿಯೇ, ಅಲೆ ಒಳಹೊಕ್ಕು ಸೋಲುವಂತೆ ಸಂದು ಬಿಟ್ಟು, ಒಂದನ್ನೊಂದು ಕಚ್ಚಿಕೊಳ್ಳುವಂತೆ ಇಡಬೇಕೆಂದು ಇಂಜಿನಿಯರು ಹೇಳಿದ್ದರು. ಚಿಕ್ಕರಂಗಯ್ಯನಿಗೆ ಅದು ಕೈಲಾಗದವನ ಕೆಲಸದಂತೆ ಕಾಣುತ್ತಿತ್ತು. ಇಂಜಿನಿಯರು ಜ್ವರವೆಂದು ಊರಿಗೆ ಹೋದಾಗ ಅವನು ಮೂವತ್ತು ಗಜದ ಮೈಯನ್ನು ಕೆರೆ ಏರಿಯ ಹಾಗೆ ನುಣ್ಣಗೆ ಬಿಗಿದುಬಿಟ್ಟ. ಮುದುಕ ಮೀನುಗಾರನೊಬ್ಬ ನೋಡಿ ನಿಂತಿದ್ದ.

"ಸಂದ್ ಬಿಡಿ ಮಾರಾಯ್ರೆ. ನೀರ್ ಒಳ್ಗ್ ಹೋಪುಕೆ ಜಾಗ ಬೇಕ್."

"ನಮ್ ಕಡೆ ಕೆರೆ ನೋಡಿದೀಯೇನಜ್ಜ? ನಾನು ಕಟ್ಟಿದ್ರೆ ಇರುವೆ ತೂರಕಿಲ್ಲ" ಎಂದು ಇವನು ನಕ್ಕಿದ್ದ.

ಆಷಾಢದ ಮೊದಲ ದೊಡ್ಡ ಅಲೆಗಳಿಗೆ ಆ ಮೂವತ್ತು ಗಜ ಮಾತ್ರ ಜಾರಿತು. ಆಚೆ ಈಚೆಯ ಒರಟು ಕಲ್ಲು ನಿಂತೇ ಇತ್ತು. ಜಾರಿದ ಬಂಡೆಗೆ ನಾಡದೋಣಿಯೊಂದು ಬಡಿದು ಅದರಲ್ಲಿದ್ದ ಹುಡುಗನೊಬ್ಬನ ಕಾಲನ್ನು ಮೊಣಕಾಲಿನವರೆಗೆ ತೆಗೆಯಬೇಕಾಯಿತು.

"ಸಂದು ಬಿಟ್ಟೇ ಇಟ್ಟಿದ್ಯೇನಯ್ಯ?" ಎಂದು ತಿರುಗಿ ಬಂದ ಇಂಜಿನಿಯರು ಕೇಳಿದರು.

"ಬಿಟ್ಟೇ ಇಟ್ಟಿದ್ದೆ ಸ್ವಾಮಿ."

ಅದು ಸುಳ್ಳೆಂದು ತೋರಿಸಬಹುದಾಗಿದ್ದ ಕಲ್ಲೆಲ್ಲ ನೀರಿನಡಿ ಇತ್ತು. ಹಿಂದಿನ ವಾರ ನಜೀರನ ಕ್ರೇನಿನಿಂದ ಒಂದು ಬಂಡೆ ಜಾರಿ ಗೋಡೆಯ ಮೇಲೆ ಬಿದ್ದಿದ್ದುಂಟು. ಗೋಡೆಗೆ ಏನೂ ಆಗಿರಲಿಲ್ಲ. ಯಾರೋ ಆ ಮಾತೆತ್ತಿದರು, ಎಲ್ಲರೂ ಅದನ್ನೇ ಹಿಡಿದುಕೊಂಡರು, ಚಿಕ್ಕರಂಗಯ್ಯ ಸುಮ್ಮನಿದ್ದ. ನಜೀರನನ್ನು ಕೆಲಸದಿಂದ ತೆಗೆದರು. ಊರಿಗೆ ಬಂದ ಮೇಲೆ ಸುಮ್ಮನಿರುವುದೂ ಸಾಲಲಿಲ್ಲ. ಗೋಡೆ ಯಾಕೆ ಬಿತ್ತು ಎಂದವರಿಗೆಲ್ಲ ಕ್ರೇನಿನವನ ದಡ್ಡತನವನ್ನು ಕತೆ ಕಟ್ಟಿ ಹೇಳಿ ನಗಿಸಿದ.

ನಜೀರ್ ಹನ್ನೊಂದರ ಹೊತ್ತಿಗೆ ಟಿವಿಎಸ್‌ನಲ್ಲಿ ಬಂದ. ಗಡ್ಡ ಅಲ್ಲಲ್ಲಿ ಬೆಳ್ಳಗಾಗಿತ್ತು. ಏರಿಯ ಮೇಲಿಂದ ಒಮ್ಮೆ ಇತ್ತ ನೋಡಿ, ಮಾತಾಡಿಸದೆ ಟ್ರೈಲರಿನಡಿ ತೂರಿಕೊಂಡ. ಸಿಟ್ಟು ಇನ್ನೂ ಆರಿಲ್ಲ ಎಂದುಕೊಂಡ ಚಿಕ್ಕರಂಗಯ್ಯ. ಬೈದರೆ ಬೈಯಲಿ, ಎಲ್ಲರೆದುರು ಬೈದುಬಿಟ್ಟರೆ ಒಪ್ಪಿಕೊಳ್ಳುವುದು ಸುಲಭವಾದೀತು ಎಂದೂ ಅನ್ನಿಸಿತು.

ಜಾಕ್ ಸರಿಹೋಗುವ ಹೊತ್ತಿಗೆ ಚಿಕ್ಕರಂಗಯ್ಯನ ಹೆಂಡತಿ ಕಾಳಕ್ಕ ಊಟ ತಂದಳು. ಎಲ್ಲರೂ ನೆರಳಿಗೆ ಬಂದು ಕೂತರು. ಎತ್ತಪ್ಪ ಸುಮ್ಮನಿರುವ ಜನವಲ್ಲ.

"ನಮ್ ರಂಗಯ್ಯ ಸಮುದ್ರಕ್ಕೇ ಗೋಡೆ ಹಾಕಿದೋನು ಕಣ್ರೀ ಸಾಹೇಬ್ರೇ! ಯಾವನೋ ಕ್ರೇನಿನೋನು ಕೆಡಿಸ್ಬುಟ್ನಂತೆ. ಬಂಡೆ ಇಳ್ಸಲಾ ಅಂದ್ರೆ ಕಾಯಿ ಕೆಡವ್ದಂಗೆ ಮೇಲಿಂದ ದಪ್ಪಂತ ಬುಡೋನಂತೆ!"

ಆಳುಗಳು ನಕ್ಕರು. ನಜೀರ್ ಬಟ್ಟೆಚೂರಿನಿಂದ ಬೆರಳಿನ ಆಯಿಲ್ ಒರೆಸಿಕೊಳ್ಳುತ್ತಿದ್ದ.

"ಆ ಕ್ರೇನಿನೋನು ನಾನೇ ಕಣಣ್ಣ" ಎಂದ.

ನಗು ನಿಂತಿತು.

"ಮೇಸ್ತ್ರಿ ಹೇಳಿದ್ರಲ್ಲಿ ಏನೂ ಸುಳ್ಳಿಲ್ಲ. ನನ್ ಕೈಯಿಂದ್ಲೇ ಜಾರಿದ್ದು. ಅವ್ರು ಕಟ್ಟಿದ್ದು ಕನ್ನಡಿ ಇದ್ದಂಗಿತ್ತು. ಒಂದು ಬಂಡೇಲಿ ಕೆಡಿಸ್ಬುಟ್ಟೆ. ಆಮೇಲೆ ನಾನು ಕ್ರೇನ್ ಹತ್ತಲಿಲ್ಲ. ಹತ್ತಕ್ಕೋದ್ರೆ ಆ ಹುಡುಗನ ಕಾಲೇ ಕಣ್ಮುಂದೆ ಬತ್ತದೆ." ಅವನು ಚಿಕ್ಕರಂಗಯ್ಯನ ಕಡೆ ತಿರುಗಿದ. "ಬಂದಾಗ್ಲೇ ನಿಮ್ಮನ್ನ ನೋಡ್ದೆ ಮೇಸ್ತ್ರಿ. ಮಾತಾಡ್ಸಕ್ಕೆ ಮುಖ ಇರ್ಲಿಲ್ಲ."

ನಜೀರನಿಗೆ ಗೊತ್ತಿದೆ, ಗೊತ್ತಿದ್ದೂ ನುಂಗಿಕೊಂಡಿದ್ದಾನೆ ಎಂದೇ ಚಿಕ್ಕರಂಗಯ್ಯ ಇಷ್ಟು ವರ್ಷ ತಿಳಿದಿದ್ದ. ಸಂದು ಬಿಡದ್ದರಿಂದಲೇ ಗೋಡೆ ಜಾರಿತೆಂದು ಅವನಿಗೆ ಗೊತ್ತೇ ಇರಲಿಲ್ಲ. ಹೇಳಬೇಕಾದದ್ದು ಒಂದೇ ಮಾತು: ಗೋಡೆ ಬಿದ್ದದ್ದು ನನ್ನಿಂದ. ಅವನು ಎದ್ದು ನಿಂತ. ನಾಲ್ಕು ಆಳುಗಳು, ಎತ್ತಪ್ಪ, ಹೆಂಡತಿ, ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು.

"ಆಗಿದ್ದು ಆಗೋಯ್ತು ಬುಡು ನಜೀರ್" ಎಂಬ ಮಾತು ಹೊರಗೆ ಬಂತು. "ನಾನೇನು ಮನಸ್ಸಲ್ಲಿ ಇಟ್ಕೊಂಡಿಲ್ಲ. ಏನೇ, ಅವನಿಗೂ ಒಂದು ಮುದ್ದೆ ಇಕ್ಕು."

"ಮನ್ಸ ಅಂದ್ರೆ ಹಿಂಗಿರ್ಬೇಕು ನೋಡ್ರಲಾ!" ಎಂದ ಎತ್ತಪ್ಪ.

ನಜೀರ್ ತಲೆ ತಗ್ಗಿಸಿ ಉಂಡ. ಚಿಕ್ಕರಂಗಯ್ಯ ಅವನ ಎದುರಿಗೇ ಕೂತು ಉಣ್ಣಬೇಕಾಯಿತು. ಕಾಳಕ್ಕ ಗಂಡನ ಮುಖವನ್ನು ಯಾಕೋ ಮತ್ತೆ ಮತ್ತೆ ನೋಡಿದಳು. ಅವನು ಸಾರು ಕೇಳಿದ.

ಹೊರಡುವಾಗ ಎತ್ತಪ್ಪ ರಿಪೇರಿ ಕೂಲಿಯೆಂದು ನೋಟು ತೆಗೆದ. ನಜೀರ್ ಕೈ ಅಡ್ಡ ಹಿಡಿದ.

"ಮೇಸ್ತ್ರಿ ಕೆಲಸಕ್ಕೆ ನಾನು ಕೂಲಿ ತಗಳಕಿಲ್ಲ. ಅವ್ರ ಋಣ ಹಿಂಗಾದ್ರೂ ಒಸಿ ತೀರ್ಲಿ."

ಎತ್ತಪ್ಪ ಏನು ಮಾಡಲಿ ಎಂಬಂತೆ ಚಿಕ್ಕರಂಗಯ್ಯನ ಕಡೆ ನೋಡಿದ. ಚಿಕ್ಕರಂಗಯ್ಯ ಕೊಡು ಎನ್ನಲಿಲ್ಲ.