ಒಡೆಯದೆ ಉಳಿದ ಗುಳ್ಳೆ

ಗೊಬ್ಬೂರಿನ ಗೌರಾಬಾಯಿಗೆ ಬಾಯಿಹುಣ್ಣಾಗಿ ಎಂಟು ತಿಂಗಳು. ಆಮೇಲೆ ಎದೆ, ಬೆನ್ನಿನ ಮೇಲೂ ನೀರುಗುಳ್ಳೆ ಎದ್ದವು. ರೊಟ್ಟಿ ನುಂಗಲಾಗದೆ ಅಂಬಲಿ ಕುಡಿದೇ ದಿನ ತಳ್ಳುತ್ತಿದ್ದಳು. ಮೈ ಇಳಿದು ಅರ್ಧ ಆಗಿದ್ದಳು.

ಊರಲ್ಲಿ ಗುಳ್ಳೆ ಎಂದರೆ ಸರ್ಪಸುತ್ತು, ಸರ್ಪಸುತ್ತು ಎಂದರೆ ಕೆಮ್ಮಣ್ಣು. ಗಂಡ ಮಾಳಿಂಗಪ್ಪ ದಿನಾ ಬೆಳಿಗ್ಗೆ ಜಾಲಿಮುಳ್ಳಿನಿಂದ ಗುಳ್ಳೆ ಒಡೆದು ಕೆಮ್ಮಣ್ಣು ಬಳಿಯುತ್ತಿದ್ದ. ಪ್ರೀತಿಯಿಂದಲೇ ಮಾಡುತ್ತಿದ್ದ, ಪಾಪ. ನಾಲ್ಕು ದವಾಖಾನೆ ಆದವು. ಒಬ್ಬರು ಕಜ್ಜಿ ಎಂದರು, ಒಬ್ಬರು ಅಲರ್ಜಿ ಎಂದರು. ಮುಲಾಮಿನ ಟ್ಯೂಬು ಖಾಲಿಯಾದವೇ ಹೊರತು ಗುಳ್ಳೆ ಹೋಗಲಿಲ್ಲ.

ಆಶಾ ಕಾರ್ಯಕರ್ತೆ ವಿದ್ಯಾವತಿ ಬಂದಾಗ ಗೌರಾಬಾಯಿ ತಲೆ ಕೂಡ ಎತ್ತಲಿಲ್ಲ.

“ಕಾಕಿ, ಕಲಬುರಗಿಗಿ ಹೋಗಾಮು ಬರ್ರಿ. ಅಲ್ಲಿ ಚರ್ಮದ ಡಾಕ್ಟರ್ ಅದಾರ.”

“ಬ್ಯಾಡ ತಂಗಿ, ಸಾಕಾಗ್ಯಾದ. ಬಸ್ಸಿನ್ಯಾಗ ಬಾಜು ಕುಂತವರು ಎದ್ದು ಹೋಗ್ತಾರ. ಅಲ್ಲಿ ಮತ್ತ ಅದೇ ಮುಲಾಮು.”

“ಡಾಕ್ಟರಿಗೇ ತಿಳಿವಲ್ದು ನೋಡವಾ,” ಎಂದ ಮಾಳಿಂಗಪ್ಪ.

“ಹ್ಯಾಂಗ ತಿಳಿಬೇಕ್ರಿ ಕಾಕಾ? ಗುಳ್ಳಿ ಒಡದು, ಮ್ಯಾಲ ಕೆಮ್ಮಣ್ಣು ಬಳದು ಕರ್ಕೊಂಡು ಹೋಗ್ತೀರಿ. ಅವರಿಗಿ ಕಾಣೋದು ಬರೀ ಮಣ್ಣು.”

“ಅಕಿಗಿ ಆರಾಮಾಗಲಿ ಅಂತ ಮಾಡೇನಿ ತಂಗಿ.” ಅವನ ದನಿ ಸಣ್ಣದಾಯಿತು.

“ಗೊತ್ತದರಿ. ಎರಡು ದಿನ ಮುಟ್ಟಬ್ಯಾಡ್ರಿ. ದವಾಖಾನಿ ಹಳೇ ಚೀಟಿ ಎಲ್ಲಾ ತಗೋರಿ. ನಾನೂ ಬರ್ತೇನಿ.”

ಆ ಎರಡು ದಿನ ಸುಮ್ಮನಿರುವುದೇ ಮಾಳಿಂಗಪ್ಪನಿಗೆ ಕಷ್ಟವಾಯಿತು. ಬಸ್ಸಿನಲ್ಲಿ ಪಕ್ಕದಲ್ಲೇ ಕೂರುತ್ತೇನೆ ಎಂದು ವಿದ್ಯಾವತಿ ಹೇಳಿದ ಮೇಲೆ ಗೌರಾಬಾಯಿ ಮೂರನೇ ದಿನ ಹೊರಟಳು. ಕಲಬುರಗಿಯ ಡಾಕ್ಟರಮ್ಮ ಹೊಸ ಗುಳ್ಳೆ ನೋಡಿದರು, ಬಾಯಿಯೊಳಗೂ ನೋಡಿದರು. ನೋವು ತಿಳಿಯದಂತೆ ಮರಗಟ್ಟಿಸುವ ಸೂಜಿ ಚುಚ್ಚಿ, ಗುಳ್ಳೆಯ ಅಂಚಿನಿಂದ ಅಕ್ಕಿಕಾಳಿನಷ್ಟು ಚರ್ಮ ತೆಗೆದು ತಪಾಸಣೆಗೆ ಕಳಿಸಿದರು. ಹತ್ತು ದಿನಕ್ಕೆ ರೋಗದ ಹೆಸರು ತಿಳಿಯಿತು: ಪೆಂಫಿಗಸ್. ಬಹಳ ಅಪರೂಪದ್ದು. ಮೈಯನ್ನು ಕಾಯಬೇಕಾದ ಶಕ್ತಿಯೇ ಚರ್ಮದ ಮೇಲೆ ತಿರುಗಿ ಬೀಳುವ ರೋಗ.

“ಇದು ಯಾರಿಗೂ ಅಂಟೂದಿಲ್ಲ. ಆದ್ರ ಗುಳಿಗಿ ಬಾಳ ದಿನ ತಗೋಬೇಕು. ನಡುವ ಬಿಟ್ರ ಜೀವಕ್ಕ ಅಪಾಯ,” ಎಂದರು ಡಾಕ್ಟರಮ್ಮ.

“ಅಂಟೂದಿಲ್ಲೇನ್ರಿ?” ಗೌರಾಬಾಯಿ ಎರಡು ಸಲ ಕೇಳಿದಳು. ಆಮೇಲೆ ಅಲ್ಲೇ ಕುಳಿತು ಅತ್ತಳು.

ಗುಳಿಗೆ ಇನ್ನೂ ನಡೆದಿದೆ. ಅದರಿಂದ ಮುಖ ಸ್ವಲ್ಪ ಊದಿದೆ, ಬೇಸರವೂ ಇದೆ. ಆದರೆ ಮೊನ್ನೆ ಹಾಲಲ್ಲಿ ನೆನೆಸಿ ಅರ್ಧ ರೊಟ್ಟಿ ತಿಂದಳು.

ಅಕ್ಕಂದಿರೇ, ಅಣ್ಣಂದಿರೇ, ಗುಳ್ಳೆಯಾಗಲಿ ಹುಣ್ಣಾಗಲಿ ಎರಡು ವಾರಕ್ಕೂ ಮಾಯದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಒಡೆಯಬೇಡಿ, ಏನೂ ಬಳಿಯಬೇಡಿ. ಗುಳ್ಳೆ ಎದ್ದ ದಿನವೇ ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಡಿ, ಹಳೆಯ ಚೀಟಿ ಎಸೆಯಬೇಡಿ. ಅಪರೂಪದ ರೋಗ ಡಾಕ್ಟರಿಗೂ ಒಂದೇ ನೋಟಕ್ಕೆ ತಿಳಿಯುವುದಿಲ್ಲ. ಅಲೆದಲೆದು ಸುಸ್ತಾಗಿದ್ದರೆ ಒಂದು ಗಳಿಗೆ ಕುಳಿತು ಸುಧಾರಿಸಿಕೊಳ್ಳಿ. ಆಮೇಲೆ ಎದ್ದು ಇನ್ನೊಂದು ಸಲ ಹೋಗಿ.