ಇಳಿಜಾರಿನ ಬಲಗಾಲು

ಮಾಚೇನಹಳ್ಳಿಯ ವರ್ಕ್‌ಶಾಪುಗಳ ಹಿಂದೆ, ನೀರಾವರಿ ಚಾನಲ್ಲಿನ ಕಡೆಗೆ ಇಳಿಯುವ ಶಿವಮೂರ್ತಪ್ಪನ ಹೊಲದಲ್ಲಿ ಅವನ ಒಬ್ಬಳೇ ಮಗಳು ಸೌಂದರ್ಯ ವಿಮಾನ ಇಳಿಸುತ್ತಿದ್ದಳು ಎಂದೇ ಭದ್ರಾವತಿಯ ಹಳೇನಗರದವರು ಈ ಕಥೆಯನ್ನು ಎತ್ತಿಕೊಳ್ಳುತ್ತಾರೆ.

ವಿಮಾನ ಎರಡು ಸೀಟಿನದು. ಮುಂದೆ ಎರಡು ಗಾಲಿ, ಬಾಲದಡಿ ಪುಟ್ಟದೊಂದು. ಭಾರವೆಲ್ಲ ಮುಂದಿನ ಗಾಲಿಗಳ ಹಿಂದಿರುವುದರಿಂದ, ನೆಲ ಮುಟ್ಟಿದ ಮೇಲೆ ಮೂತಿ ಚೂರು ಓರೆಯಾದರೂ ಸಾಕು, ಬಾಲ ತಾನೇ ಮುಂದಾಗಲು ಹವಣಿಸುತ್ತದೆ. ಮೂತಿ ಬಲಕ್ಕೆ ಹೋದರೆ ಎಡಗಾಲಿನ ಪೆಡಲ್ ಒತ್ತಬೇಕು. ಇದು ಅವಳಿಗೆ ಬಾಯಿಪಾಠ.

ಆದರೆ ಅವಳ ಮೈ ಬೇರೊಂದು ಪಾಠವನ್ನು ಮೊದಲೇ ಕಲಿತಿತ್ತು. ಅದೇ ಹೊಲದಲ್ಲಿ ಅಪ್ಪ ಅವಳಿಗೆ ಹಿಡಿಕೆ ಹಿಡಿದು ಉಳುವ ಟಿಲ್ಲರ್ ಓಡಿಸಲು ಕಲಿಸಿದ್ದ. ಸಮನೆಲದಲ್ಲಿ ಎಡಕ್ಕೆ ತಿರುಗಲು ಎಡಗೈಯ ಕ್ಲಚ್ಚು. ಇಳಿಜಾರಿನಲ್ಲಿ ಇಳಿಯುವಾಗ ಲೆಕ್ಕ ತಿರುಗುಮುರುಗಾಗುತ್ತದೆ, ಎಡಕ್ಕೆ ಹೋಗಬೇಕಾದರೆ ಬಲಗೈಯದನ್ನು ಒತ್ತಬೇಕು. ತಪ್ಪಿದಾಗಲೆಲ್ಲ ಬಿದಿರುಕೋಲು ಗೆಣ್ಣಿನ ಮೇಲೆ ಬೀಳುತ್ತಿತ್ತು. ರಕ್ತ ಹಿಡಿಕೆಗೆ ಅಂಟಿದರೂ ಪಾಠ ನಿಲ್ಲುತ್ತಿರಲಿಲ್ಲ. ಅವಳ ನಡುಬೆರಳು ಇಂದಿಗೂ ಸೊಟ್ಟ.

ಆ ಕಾರ್ತಿಕದಲ್ಲಿ ಶಿವಮೂರ್ತಪ್ಪನಿಗೆ ವಿಮಾನಕ್ಕಾಗಿ ಪಾಳುಬಿಟ್ಟಿದ್ದ ಹೊಲವನ್ನು ಉತ್ತುಬಿಡುವ ಹಟ ಹುಟ್ಟಿತು. ಹೆಂಡತಿ ಕಲ್ಲಮ್ಮ ಕಾಲು ಹಿಡಿದ ಮೇಲೆ ಒಂದು ಮಾತಿಗೆ ಒಪ್ಪಿದ: ತಾನೂ ಜೊತೆಗೆ ಕೂತು ನೋಡುವುದು, ನೆಟ್ಟಗೆ ಇಳಿಸಿದರೆ ಹೊಲ ಅವಳದು, ಇಲ್ಲದಿದ್ದರೆ ಮರುದಿನವೇ ಉಳುಮೆ. ಟ್ರೈಲರ್ ಕಟ್ಟಿದ್ದ ಟಿಲ್ಲರನ್ನು ಹೊಲದ ತಲೆಯಲ್ಲಿ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿ, ಕೋಲು ಹಿಡಿದುಕೊಂಡೇ ವಿಮಾನದ ಹಿಂದಿನ ಸೀಟಿಗೆ ಹತ್ತಿದ.

ಶಿವಮೊಗ್ಗದವರೆಗೆ ಹೋಗಿ, ತುಂಗೆಯ ಮೇಲೆ ಒಮ್ಮೆ ಸುತ್ತಿ ಮರಳಿದರು. ಮುಂದಿನ ಗಾಲಿಗಳು ನೆಲ ಹಿಡಿದವು, ಬಾಲವೂ ಕೂತಿತು. ಅಷ್ಟರಲ್ಲಿ ಬಲಗಡೆಯ ಶೆಡ್ಡುಗಳ ಸಂದಿಯಿಂದ ಗಾಳಿ ನುಗ್ಗಿ ಬಾಲಕ್ಕೆ ಬಡಿಯಿತು. ಮೂತಿ ಬಲಕ್ಕೆ ಹೊರಳಿತು.

"ಎಡಕ್ಕೆ ತಗಾ" ಎಂದು ಅಪ್ಪ ಗದರಿದ. ಕೋಲು ಅವಳ ಹೆಗಲ ಮೇಲೆ ಬಿತ್ತು.

ಅವಳ ಬಲಗಾಲು ಪೆಡಲನ್ನು ತಳ ಮುಟ್ಟುವಂತೆ ತುಳಿಯಿತು.

ಬಾಲ ಚಾವಟಿಯಂತೆ ಬೀಸಿತು. ಇಡೀ ವಿಮಾನ ತನ್ನ ಸುತ್ತ ತಾನೇ ತಿರುಗಿ, ಎಡರೆಕ್ಕೆ ನೆಲವನ್ನು ಗುದ್ದಿ ಮಣ್ಣು ಬಗೆಯಿತು, ಎಡಗಾಲಿ ಮುರಿದು ಹೊಟ್ಟೆಯಡಿ ಸಿಕ್ಕಿತು, ಪ್ರೊಪೆಲ್ಲರ್ ಕಲ್ಲಿಗೆ ತಾಗಿ ಚೂರುಚೂರಾಯಿತು. ಮುರಿದ ಕಂಬಿಯೊಂದು ಗಾಜನ್ನು ಸೀಳಿ ಶಿವಮೂರ್ತಪ್ಪನ ಹಣೆಯ ವಿಭೂತಿಯನ್ನು ಗೀರಿಕೊಂಡು ಹೋಯಿತು. ಸದ್ದಡಗಿದಾಗ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಸೌಂದರ್ಯ ಅಪ್ಪನ ಅಂಗಿ ಹಿಡಿದು, ಬದುವಿನ ತನಕ ದರದರನೆ ಎಳೆದು ತಂದಳು. ಅವನ ಎಡತೋಳಿನ ಮೂಳೆ ಮುರಿದು ಜೋತುಬಿದ್ದಿತ್ತು. ಬಲಗೈ ಕೋಲನ್ನು ಬಿಟ್ಟಿರಲಿಲ್ಲ.

"ಯಾವ ಕಾಲು ಒತ್ತಿದೆ?"

"ಬಲಗಾಲು."

ರಕ್ತ ಮೆತ್ತಿದ ಮುಖ ಅರಳಿತು. "ಇಳಿಜಾರಲ್ಲಿ ಹಂಗೇ ಒತ್ತಬೇಕು. ಕಲ್ಸಿದ್ದು ಮರ್ತಿಲ್ಲ ನೀನು. ಈ ಮಿಷಿನ್ನೇ ಸರಿ ಇಲ್ಲ ಮಾರಾಯ್ತಿ. ಹೊಲ ಇಟ್ಕೋ, ಬೇರೆದು ತಾ."

ಹೂಂ ಎಂದಿದ್ದರೆ ಹೊಲ ಉಳಿಯುತ್ತಿತ್ತು. ಆ ಬಲಗಾಲೂ ಹಾಗೆಯೇ ಉಳಿಯುತ್ತಿತ್ತು, ಮುಂದಿನ ಗಾಳಿಗಾಗಿ ಕಾಯುತ್ತ.

"ಒತ್ತಬೇಕಾಗಿದ್ದು ಎಡಗಾಲು, ಅಪ್ಪಾಜಿ. ನೀವು ಹೊಡೆದ್ರಿ, ಬಲಗಾಲು ತಾನೇ ಒತ್ತಿಬಿಡ್ತು."

"ಹಂಗಾದ್ರೆ ನಾಳೆ ಉಳ್ತೀನಿ" ಎಂದು ಅವನು ಕೋಲೆತ್ತಿದ.

ಅವಳು ಅದನ್ನು ಕಿತ್ತುಕೊಂಡು ಮೊಣಕಾಲಿಗೆ ಹಾಕಿ ಮುರಿದಳು. ಕುಂಟುತ್ತ ಹೊಲದ ತಲೆಗೆ ಏರಿ, ಟಿಲ್ಲರಿನ ಗೇರ್ ಬಿಡಿಸಿ, ಗಾಲಿಯ ಕಲ್ಲನ್ನು ಒದ್ದಳು. ಟಿಲ್ಲರ್ ಮೊದಲು ಮೆಲ್ಲಗೆ, ಆಮೇಲೆ ಹುಚ್ಚು ಹಿಡಿದಂತೆ ಇಳಿಯಿತು. ಹಿಡಿಯುವವರಿಲ್ಲದ ಹಿಡಿಕೆಗಳು ನೆಲಕ್ಕೆ ಬಡಿದವು. ಟ್ರೈಲರ್ ಪಕ್ಕಕ್ಕೆ ಬೀಸಿ ಮುಂದಾಗಿ, ಎರಡೂ ಒಂದರ ಮೇಲೊಂದು ಉರುಳಿ ಚಾನಲ್ಲಿಗೆ ಬಿದ್ದವು.

ಭದ್ರಾವತಿಯ ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿಕೊಂಡು ಬಂದ ಶಿವಮೂರ್ತಪ್ಪ ಚಾನಲ್ಲಿನ ದಂಡೆಗೆ ಹೋಗಿ ನೋಡಿದ. ಟಿಲ್ಲರನ್ನು ಎತ್ತಿಸಲಿಲ್ಲ, ಬೇರೆಯದನ್ನು ತರಿಸಲೂ ಇಲ್ಲ. ಹೊಲ ಉಳುಮೆ ಕಾಣಲಿಲ್ಲ.

ಆಮೇಲೆ ಪ್ರತಿ ಸಂಜೆ ಸೌಂದರ್ಯ ಜಗಲಿಯ ಮೇಲೆ, ಪೆಡಲ್‌ಗಳೆಂಬಂತೆ ಎರಡು ಇಟ್ಟಿಗೆಗಳ ಮೇಲೆ ಕಾಲಿಟ್ಟು ಕೂರುತ್ತಿದ್ದಳು. ಕಲ್ಲಮ್ಮ ಸೊಪ್ಪು ಬಿಡಿಸುತ್ತ "ಮೂತಿ ಬಲಕ್ಕೆ ಹೊಳ್ಳಿತು" ಎನ್ನುವಳು. ಮಗಳ ಬಲಗಾಲು ಮಿಡಿದರೆ, ಅದು ಸುಮ್ಮನಾಗಿ ಎಡಗಾಲು ಒತ್ತುವ ತನಕ ಕಾಯುವಳು. ಒಳಗಿನಿಂದ ಶಿವಮೂರ್ತಪ್ಪ ಕೇಳಿಸಿಕೊಳ್ಳುತ್ತಿದ್ದ, ಬರಿಗೈಯಲ್ಲಿ.