ಎರಿಯವ್ವನ ಮೇಲೆ ಹಳೆಯ ಪೇಪರ್

ತಿರ್ಲಾಪುರದ ಗ್ರಂಥಾಲಯದ ಹೊರಗೋಡೆಯ ಮೇಲೆ ಎರಿಯವ್ವ ಹಾರತೊಡಗಿದ್ದು ದೀಪಾವಳಿಯ ನಂತರ. ಪ್ರೌಢಶಾಲೆಯಲ್ಲಿ ಅತಿಥಿ ಚಿತ್ರಕಲಾ ಶಿಕ್ಷಕಿಯಾಗಿದ್ದ ಸಂಪದಾ, ಪಂಚಾಯಿತಿಯ ಅನುಮತಿ ಪಡೆದು ಅಲ್ಲಿ ನಾಲ್ಕು ಚೌಕಟ್ಟುಗಳ ಕಾಮಿಕ್ಸ್ ಬರೆದಿದ್ದಳು. ಮೊದಲನೆಯದರಲ್ಲಿ ರೇಷನ್ ಅಂಗಡಿ. ಎರಡನೆಯದರಲ್ಲಿ ಮುದುಕಿಯೊಬ್ಬಳ ಹೆಬ್ಬೆರಳನ್ನು ಯಂತ್ರ ಒಪ್ಪುವುದಿಲ್ಲ. ಮೂರನೆಯದರಲ್ಲಿ ಸಂಪದಾಳೇ ಕಲ್ಪಿಸಿದ, ಎರೆಮಣ್ಣಿನ ಬಣ್ಣದ ಸೂಪರ್‌ಹೀರೋ ಎರಿಯವ್ವ ಹಳೆ ಬಟ್ಟೆಗಳ ಕೌದಿಯನ್ನು ಬೆನ್ನಿಗೆ ಕಟ್ಟಿಕೊಂಡು ಆಕಾಶದಿಂದ ಇಳಿಯುತ್ತಾಳೆ. ಕೊನೆಯದರಲ್ಲಿ ಅವಳು ಅಕ್ಕಿ ಚೀಲ ಕೊಡುತ್ತಾಳೆ, ಮುದುಕಿ ಕೈ ಚಾಚಿ ನಿಂತಿರುತ್ತಾಳೆ.

ಮುದುಕಿಯ ಮುಖ ಅದೇ ಊರಿನ ಕೂಲಿ ಹೆಂಗಸು ದುಂಡವ್ವನದು. ಹತ್ತಿ ಬಿಡಿಸಿ, ಕಳೆ ಕಿತ್ತು ಅವಳ ಬೆರಳಿನ ಗೆರೆಗಳು ಸವೆದಿದ್ದವು. ಹಿಂದಿನ ವರ್ಷ ಅದೇ ಕಾರಣಕ್ಕೆ ಅವಳ ರೇಷನ್ ನಿಂತಿತ್ತು. ಚಿತ್ರಕ್ಕೆ ಅವಳು ಖುಷಿಯಿಂದಲೇ ಒಪ್ಪಿದ್ದಳು. "ಆಕಿನ್ನ ಅಗದಿ ಎತ್ತರಕ್ಕ ಹಾರಸರಿ ಅಕ್ಕೋರ" ಎಂದವಳೂ ಅವಳೇ.

ಅಷ್ಟರಲ್ಲಿ ಚುನಾವಣೆ ಘೋಷಣೆಯಾಯಿತು. ನೀತಿ ಸಂಹಿತೆ ಬಂದೊಡನೆ ಸರಕಾರಿ ಗೋಡೆಗಳ ಮೇಲಿನ ನಾಯಕರ ಮುಖಗಳಿಗೆ ಕಾಗದ ಅಂಟಿಸುವುದು ಎಲ್ಲೆಡೆಯ ರೂಢಿ. ಪರಿಶೀಲನೆಗೆ ಬಂದ ಅಧಿಕಾರಿ ಗೋಡೆಯ ಮುಂದೆ ಜೀಪು ನಿಲ್ಲಿಸಿದರು.

"ಈ ಅಕ್ಕಿ ಕೊಡಾಕತ್ತಾಕಿ ಯಾರ್ರಿ?"

"ಎರಿಯವ್ವ ಅಂತ್ರಿ. ಖರೇ ಮನಷ್ಯಾಳಲ್ರಿ, ಕಾಮಿಕ್ಸಿನಾಕಿ," ಎಂದ ಗ್ರಂಥಾಲಯ ನೋಡಿಕೊಳ್ಳುವ ಕನಕಪ್ಪ.

"ಯಾವ ಪಾರ್ಟಿ?"

"ಪಾರ್ಟಿ ಇಲ್ರಿ. ಬರೇ ಹಾರತಾಳ."

"ನಾಳಿ ಯಾರರ ನಮ್ಮಾಕಿ ಅಂದ್ರ? ಮುಚ್ಚರಿ."

ಕನಕಪ್ಪ ಮೈದಾ ಅಂಟಿನಿಂದ ಎರಿಯವ್ವನ ಮೇಲೆ ಹಳೆಯ ಪೇಪರ್ ಹಚ್ಚಿದ. ಅಕ್ಕಿ ಚೀಲವೂ ಮುಚ್ಚಿಹೋಯಿತು. ಉಳಿದದ್ದು ಪೇಪರಿನತ್ತ ಕೈ ಚಾಚಿ ನಿಂತ ದುಂಡವ್ವ.

"ಏನ ದುಂಡವ್ವಾ, ಪೇಪರಿಗೂ ಕೈ ಒಡ್ಡೀಯಲ್ಲ. ಪುಕ್ಕಟೆ ಅಂದ್ರ ಏನೂ ಬಿಡೂದಿಲ್ಲ ನೀ," ಎಂದು ಕಟ್ಟೆಯ ಮೇಲೆ ಕುಳಿತವರು ಕಾಡಿದರು.

ದುಂಡವ್ವ ಆ ದಾರಿ ಬಿಟ್ಟು ಸುತ್ತು ಹಾಕಿ ಹೊಲಕ್ಕೆ ಹೋಗತೊಡಗಿದಳು. ವಾರದ ಕೊನೆಗೆ ಶಾಲೆಗೇ ಬಂದಳು.

"ಅಕ್ಕೋರ, ನನ್ನ ಕೈ ಅಳಸರಿ."

"ಎಲೆಕ್ಷನ್ ಮುಗೀಲಿ ಆಯಿ, ಪೇಪರ್ ಕೀಳತೇವಿ. ಎರಿಯವ್ವ ಮತ್ತ ಕಾಣತಾಳ."

"ಆಕಿ ಕಂಡ್ರೂ ನನ್ನ ಕೈ ಹಂಗ ಇರತೈತಲ್ರಿ. ಮೊದಲ ಆಕಿನ್ನ ನೋಡಕೋತ ನಿಂತು ಕೈ ಕಂಡಿದ್ದಿಲ್ಲ. ನಾ ಯಾರ ಮುಂದೂ ಹಂಗ ನಿಂತಾಕಿ ಅಲ್ಲ."

ಹಾಗಾದರೆ ಹಿಂದಿನ ವರ್ಷ ನಿಂತುಹೋಗಿದ್ದ ಅವಳ ರೇಷನ್ ಅಕ್ಕಿ ಮತ್ತೆ ಬರತೊಡಗಿದ್ದು ಹೇಗೆ? ಸಂಪದಾ ಅದನ್ನು ಕೇಳಿಯೇ ಇರಲಿಲ್ಲ. ಈಗ ಕೇಳಿದಳು.

"ನನ್ನ ಜೋಡಿ ಕೂಲಿಗೆ ಬರೋ ಜುಲೇಖಾಬಿದೂ ಮಷೀನಿನ್ಯಾಗ ಬೆರಳ ಮೂಡತಿದ್ದಿಲ್ರಿ. ಇಬ್ರೂ ಕೂಲಿ ಬಿಟ್ಟು ನವಲಗುಂದದ ಬಸ್ ಹತ್ತಿದ್ವಿ. ಬೆರಳ ಮೂಡದವ್ರಿಗೆ ಬ್ಯಾರೆ ದಾರಿ ಐತಿ ಅಂತ ತಾಲೂಕ ಆಫೀಸಿನ್ಯಾಗ ಗೊತ್ತಾತು. ಸಾಹೇಬ್ರು ನಾಳಿ ಬರ್ರಿ ಅಂದ್ರು. ನಾಳಿನೂ ಹೋದ್ವಿ. ಮೂರನೇ ಸಲಕ್ಕ ಸಾಹೇಬ್ರೇ ನಮಗ ಕುರ್ಚಿ ಹಾಕ್ಸಿ, ಅಕ್ಕಿ ಚಾಲೂ ಮಾಡಿಕೊಟ್ರು."

"ಇದರಾಗ ಹಾರೂದು ಎಲ್ಲೂ ಇಲ್ಲಲ್ಲ ಆಯಿ."

"ಬಸ್ ಹಾರತೈತ್ರಿ, ಆ ತಗ್ಗಿನ್ಯಾಗ."

ಶನಿವಾರ ಶಾಲೆ ಬಿಟ್ಟ ಮೇಲೆ ಸಂಪದಾ ಪೇಪರ್ ಕಿತ್ತು, ಕೊನೆಯ ಎರಡು ಚೌಕಟ್ಟುಗಳಿಗೆ ಸುಣ್ಣ ಹೊಡೆದು ಹೊಸದಾಗಿ ಬರೆದಳು. ಒಂದರಲ್ಲಿ ತಗ್ಗಿನ ಮೇಲೆ ಹಾರಿದ ಬಸ್ಸು, ಒಳಗೆ ಕಂಬಿ ಹಿಡಿದ ಇಬ್ಬರು ಹೆಂಗಸರು. ಇನ್ನೊಂದರಲ್ಲಿ ಆಫೀಸಿನ ಮೇಜಿನ ಎದುರು ಕುರ್ಚಿಗಳಲ್ಲಿ ಆರಾಮಾಗಿ ಕುಳಿತ ಅದೇ ಇಬ್ಬರು. ಜುಲೇಖಾಬಿ ಬಂದು ನೋಡಿ, "ನನ್ನ ಮೂಗು ಇಷ್ಟ ಉದ್ದ ಐತೇನ್ರಿ?" ಎಂದು ತಕರಾರು ತೆಗೆದಳು. ಮೂಗು ತುಸು ಗಿಡ್ಡವಾಯಿತು.

ಅಧಿಕಾರಿ ಮತ್ತೊಮ್ಮೆ ಬಂದರು.

"ಇದರಾಗ ಕೊಡವ್ರು ಯಾರ್ರಿ?"

"ಯಾರೂ ಇಲ್ರಿ. ಕೇಳವ್ರು ಅದಾರ್ರಿ," ಎಂದ ಕನಕಪ್ಪ.

"ಹಂಗಾರ ಮುಚ್ಚೂದು ಏನೂ ಇಲ್ಲ ಬಿಡರಿ."

ದುಂಡವ್ವ ಮತ್ತೆ ಗ್ರಂಥಾಲಯದ ದಾರಿ ಹಿಡಿದಳು. ಒಂದು ಬೆಳಿಗ್ಗೆ ಗೋಡೆಯ ಮುಂದೆ ಊರಿನ ಇನ್ನೊಬ್ಬ ಕೂಲಿ ಹೆಂಗಸು ಮರೆವ್ವ ನಿಂತಿದ್ದಳು. ಆ ತಿಂಗಳು ಅವಳ ಬೆರಳೂ ಮೂಡಿರಲಿಲ್ಲ.

"ದುಂಡಕ್ಕಾ, ಈ ಸಾಹೇಬ್ರು ಯಾವತ್ತ ಸಿಗತಾರ?"

"ಸೋಮವಾರ ಹೋಗು. ಬುತ್ತಿ ಕಟಗೊ, ಹೊತ್ತಾಗತೈತಿ."

ದುಂಡವ್ವ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತಳು.

"ತಡಿ ಬೇ, ನಾನೂ ಬರ್ತೀನಿ. ಕೂಡೇ ಹೋಗೂಣು."